ಇಲ್ಲದ ಕೂಸಿಗೆ ಕೆಂಪು ಬಟ್ಟೆ

ಜಪಾನಿಗೆ ಹೋಗಲೇಬೇಕೆಂದು ಹಟ ಹಿಡಿದವಳು ಆಬಿದಾ. ಗಂಡ ಕಲೀಮ್ ಕೆಲಸ ಮಾಡುತ್ತಿದ್ದ ಸಾಫ್ಟ್‌ವೇರ್ ಕಂಪನಿ ಆ ವರ್ಷದ ಮಾರ್ಚಿನಲ್ಲಿ ಬಾಗಿಲು ಹಾಕಿತ್ತು. ಎರಡು ಸಾವಿರದ ಒಂದನೇ ಇಸವಿ. ಸ್ಯಾನ್ ರಮೋನ್‌ನ ಅವರ ಬೀದಿಯಲ್ಲಿ ಹಾಡಹಗಲೇ ಮನೆಯಲ್ಲಿ ಕಾಣಿಸುವ ಗಂಡಸರ ಸಂಖ್ಯೆ ಏರುತ್ತಿತ್ತು. ಕೆಲವರು ಹುಲ್ಲು ಕತ್ತರಿಸುತ್ತಿದ್ದರು, ಕೆಲವರು ಕಾರು ತೊಳೆಯುತ್ತಿದ್ದರು. ಕಲೀಮ್ ಗರಾಜಿನಲ್ಲಿದ್ದ ಸಾಮಾನನ್ನೆಲ್ಲ ಹೊರಗೆ ಹಾಕಿ ಮತ್ತೆ ಒಳಗೆ ಜೋಡಿಸುತ್ತಿದ್ದ. ಕಂಪನಿಯ ಕೆಲಸಕ್ಕೆಂದು ವರ್ಷಗಟ್ಟಲೆ ವಿಮಾನ ಹತ್ತಿ ಇಳಿದಿದ್ದರಿಂದ ಅವನ ಹೆಸರಿನಲ್ಲಿ ಬಿಟ್ಟಿ ಟಿಕೇಟಿಗೆ ಬೇಕಾದಷ್ಟು ಮೈಲುಗಳು ಕೂಡಿದ್ದವು. ಅವು ದಂಡವಾಗುವ ಮೊದಲು ಎಲ್ಲಿಗಾದರೂ ಹೋಗೋಣವೆಂದು ಅವನೇ ಮಾತು ತೆಗೆದಾಗ ಆಬಿದಾ ತಡಮಾಡದೆ ಉತ್ತರ ಜಪಾನಿನ ಹೆಸರು ಹೇಳಿದಳು.

ಅದಕ್ಕೆ ಕಾರಣ ಡಾಕ್ಟರ್ ಕುದೋ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಆಬಿದಾ ಯೀಸ್ಟಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕುದೋ ಎರಡು ವರ್ಷ ಅಲ್ಲಿಗೆ ಅತಿಥಿ ವಿಜ್ಞಾನಿಯಾಗಿ ಬಂದಿದ್ದರು. ಅವಳ ಪಕ್ಕದ ಬೆಂಚಿನಲ್ಲೇ ಅವರ ಕೆಲಸ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಕಾಗದದ ಕರವಸ್ತ್ರದ ಮೇಲೆ ತಮ್ಮ ಊರಿನ ರೈಲುದಾರಿಯನ್ನು ಬರೆದು ತೋರಿಸುತ್ತಿದ್ದರು. ಮೊದಲು ಸೇಬಿನ ತೋಟಗಳು, ಆಮೇಲೆ ಒಂಟಿ ಬೆಟ್ಟ, ಭತ್ತದ ಗದ್ದೆ, ಕೊನೆಗೆ ಸಮುದ್ರ. ಎಷ್ಟು ಹತ್ತಿರದ ಸಮುದ್ರವೆಂದರೆ ಚಳಿಗಾಲದಲ್ಲಿ ಅಲೆಯ ನೀರು ಕಿಟಕಿಗೆ ರಾಚುತ್ತದಂತೆ. ಧಾರವಾಡದ ಕನ್ನಡ ಮೇಷ್ಟ್ರು ಜಬ್ಬಾರರ ಮಗಳಾದ ಆಬಿದಾ ರೈಲು ಹತ್ತಿದ್ದೆಲ್ಲ ಪರೀಕ್ಷೆಗೆ, ಮದುವೆಗೆ, ಆಸ್ಪತ್ರೆಗೆ. ನೋಡುವುದಕ್ಕೆಂದೇ ರೈಲು ಹತ್ತುವವರಿದ್ದಾರೆ ಎಂಬುದೇ ಅವಳಿಗೆ ಹೊಸದು.

ಕಲೀಮ್‌ಗೆ ಈ ಯೋಜನೆ ಹಿಡಿಸಲಿಲ್ಲ. ಟೋಕಿಯೋ, ಕ್ಯೋಟೋ ನೋಡಿಕೊಂಡು ಬಂದರೆ ಸಾಲದೇ ಎಂದ. ಊರಿಗೆ ಮರಳಿ ನೆಮ್ಮದಿಯಾಗಿರುವ ವಯಸ್ಸಾದ ಕುದೋಗೆ ಯಾಕೆ ತೊಂದರೆ ಕೊಡುವುದು ಎಂದ. ಇರಮ್‌ಗೆ ಬೇಜಾರಾಗುತ್ತದೆ ಎಂದು ಹನ್ನೊಂದು ವರ್ಷದ ಮಗಳ ಹೆಸರನ್ನೂ ಎಳೆದು ತಂದ. ಕೆಲಸ ಹೋದವನಿಗೆ ಪರಿಚಯದವರ ಮುಖ ನೋಡುವುದು ಕಷ್ಟವಿರಬೇಕು ಎಂದುಕೊಂಡು ಆಬಿದಾ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಜೂನ್ ಕೊನೆಯ ಒಂದು ಬೆಳಿಗ್ಗೆ ಹಿರೊಸಾಕಿ ಸ್ಟೇಷನ್ನಿನಲ್ಲಿ ಕುದೋ ಅವರಿಗಾಗಿ ಕಾಯುತ್ತಿದ್ದರು. ತಲೆಗೆ ಬಟ್ಟೆಯ ಟೋಪಿ, ಕೈಯಲ್ಲಿ ಸೇಬಿನ ರಸದ ಬಾಟಲಿಗಳು. ಹೆಂಡತಿಗೆ ಮಂಡಿನೋವು, ಹಾಗಾಗಿ ಬರಲಿಲ್ಲ ಎಂದರು. ತಮ್ಮ ಅಕ್ಕನ ಮನೆ ಇರುವ ಅಜಿಗಾಸಾವಾ ಎಂಬ ಊರಿನ ತನಕ ಜೊತೆಗೆ ಬಂದು, ಅಲ್ಲಿ ಇಳಿದುಕೊಳ್ಳುವುದೆಂದು ಮೊದಲೇ ಮಾತಾಗಿತ್ತು. ದಾರಿಯಲ್ಲಿ ಏನಾದರೂ ತೊಂದರೆಯಾದರೆ ಇರಲಿ ಎಂದು ಅಕ್ಕನ ಮನೆಯ ಫೋನ್ ನಂಬರನ್ನು ತಮ್ಮ ಕಾರ್ಡಿನ ಹಿಂದೆ ಬರೆದು ಆಬಿದಾಳ ಕೈಗೆ ಕೊಟ್ಟರು. ಕಲೀಮ್ ಅವರ ಕೈಕುಲುಕಿ, ರೈಲು ಬಂದಕೂಡಲೇ ಇರಮ್‌ಳನ್ನು ಕರೆದುಕೊಂಡು ಎಲ್ಲಕ್ಕಿಂತ ಮುಂದೆ, ಡ್ರೈವರ್ ಹಿಂದಿನ ಗಾಜಿನ ಹತ್ತಿರ ಹೋಗಿ ನಿಂತುಬಿಟ್ಟ.

ಎರಡೇ ಡಬ್ಬಿಯ ಡೀಸೆಲ್ ರೈಲು. ಸೇಬಿನ ಮರಗಳ ನಡುವೆ ಎಷ್ಟು ನಿಧಾನವಾಗಿ ಹೋಗುತ್ತಿತ್ತೆಂದರೆ, ಏಣಿಯ ಮೇಲೆ ನಿಂತು ಹೀಚುಗಾಯಿಗೆ ಒಂದೊಂದಾಗಿ ಕಾಗದದ ಚೀಲ ಕಟ್ಟುತ್ತಿದ್ದ ಹೆಂಗಸರ ಮುಖ ಕಾಣುತ್ತಿತ್ತು. ಬೆಟ್ಟದ ಬಿರುಕುಗಳಲ್ಲಿ ಇನ್ನೂ ಹಿಮ ಉಳಿದಿತ್ತು. ಗದ್ದೆಯ ನೀರಿನಲ್ಲಿ ಆ ಬೆಟ್ಟ ತಲೆಕೆಳಗಾಗಿ ಬಿದ್ದುಕೊಂಡಿತ್ತು. ಕುದೋ ಒಂದೊಂದಕ್ಕೂ ಹೆಸರು ಹೇಳುತ್ತ ಹೋದರು. ಆಬಿದಾ ಮಗುವಿನ ಹಾಗೆ ಕಿಟಕಿಗೆ ಹಣೆ ಒತ್ತಿ ಕೇಳುತ್ತಿದ್ದಳು.

ಗೊಶೊಗಾವಾರಾದಲ್ಲಿ ಶಾಲೆಯ ಮಕ್ಕಳೆಲ್ಲ ಇಳಿದ ಮೇಲೆ ಡಬ್ಬಿ ಬಹುತೇಕ ಖಾಲಿಯಾಯಿತು. ಕುದೋ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ, ಆದರೆ ನನ್ನ ಹೆಂಡತಿ ನಿಮ್ಮನ್ನು ಕೇಳದೆಯೇ ಒಂದು ಕೆಲಸ ಮಾಡಿದ್ದಾಳೆ ಎಂದು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಶುರುಮಾಡಿದರು. ಈ ಸೀಮೆಯಲ್ಲಿ, ಹುಟ್ಟುವ ಮೊದಲೇ ಹೋಗಿಬಿಟ್ಟ ಕೂಸುಗಳಿಗಾಗಿ ಗುಡಿಯಂಗಳದ ಪುಟ್ಟ ಕಲ್ಲಿನ ಮೂರ್ತಿಗಳಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಈ ವರ್ಷದ ವಸಂತದಲ್ಲಿ ಅವರ ಹೆಂಡತಿ ಆಬಿದಾಳ ಕೂಸಿಗಾಗಿ ಒಂದು ಬಟ್ಟೆ ಹೊಲಿದು ಕಟ್ಟಿ ಬಂದಿದ್ದರು. ನಿಮ್ಮ ಧರ್ಮ ಬೇರೆ ಎಂದು ಗೊತ್ತು, ತಪ್ಪಾಗಿದ್ದರೆ ಕ್ಷಮಿಸಿ ಎಂದು ಅವರು ತಲೆ ತಗ್ಗಿಸಿದರು.

ಆಬಿದಾಳಿಗೆ ಅರ್ಥವಾಗಲಿಲ್ಲ. ಭಾಷೆಯ ತೊಡಕಿರಬೇಕೆಂದು ಯಾವ ಕೂಸು ಎಂದು ಕೇಳಿದಳು.

ಮುದುಕರ ಮುಖ ಕೆಂಪಾಯಿತು. ಮಾತನ್ನು ಬೇರೆ ಕಡೆಗೆ ತಿರುಗಿಸಲು ನೋಡಿದರು. ಅವಳು ಬಿಡಲಿಲ್ಲ. ಆಗ ಒಂದೊಂದೇ ಎಳೆ ಹೊರಗೆ ಬಂತು.

ಹಿಂದಿನ ವರ್ಷದ ಜನವರಿಯಲ್ಲಿ ಕುದೋ ಅವಳ ಮನೆಗೆ ಫೋನ್ ಮಾಡಿದ್ದರು. ತಂದೆಯ ಆಪರೇಷನ್ನಿಗೆಂದು ಅವಳು ಆಗ ಧಾರವಾಡದಲ್ಲಿದ್ದಳು. ಕುದೋ ಊರಿನ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಹುದ್ದೆಯೊಂದು ತೆರೆದಿತ್ತು. ಹುದುಗು ಬರಿಸುವ ಯೀಸ್ಟಿನ ಮೇಲೆ ಅವಳದೇ ಒಂದು ಸಣ್ಣ ತಂಡ, ಅವಳೇ ಮುಖ್ಯಸ್ಥೆ. ಅವಳು ಹೂಂ ಎಂದರೆ ಅವಳಿಗೇ ಎಂದು ಮೇಲಿನವರೂ ಒಪ್ಪಿದ್ದರು. ಕಚೇರಿಯ ಪತ್ರವ್ಯವಹಾರಕ್ಕೆ ಮೊದಲು ಅವಳ ಮನಸ್ಸು ತಿಳಿಯೋಣವೆಂದು ಅವರು ಮನೆಗೆ ಫೋನ್ ಮಾಡಿದ್ದು. ಎತ್ತಿಕೊಂಡವನು ಕಲೀಮ್. ಬಹಳ ಸಭ್ಯವಾಗಿ ಮಾತಾಡಿದನಂತೆ. ಆಬಿದಾ ಬಸುರಿ, ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ, ಲ್ಯಾಬಿನ ಕೆಲಸ ಸಾಕೆಂದು ಅವಳೇ ತೀರ್ಮಾನಿಸಿದ್ದಾಳೆ ಎಂದನಂತೆ. ಆಫೀಸಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ದಯವಿಟ್ಟು ಅಲ್ಲಿಗೆ ಈಮೇಲ್ ಗೀಮೇಲ್ ಮಾಡಬೇಡಿ, ಅವಳಿಗೆ ಮುಜುಗರವಾಗುತ್ತದೆ ಎಂದೂ ಸೇರಿಸಿದ್ದ. ಕುದೋ ಮಾಡಲಿಲ್ಲ. ಮುಂದಿನ ಹೊಸ ವರ್ಷಕ್ಕೆ ಆಬಿದಾ ಕಳಿಸಿದ ಕಾರ್ಡಿನ ಫೋಟೋದಲ್ಲಿ ಮೂವರೇ ಇದ್ದರು. ಕುದೋ ದಂಪತಿ ಅದನ್ನು ನೋಡಿ ಏನಾಗಿರಬಹುದೆಂದು ಊಹಿಸಿಕೊಂಡರು. ಕೇಳುವುದು ಸರಿಯಲ್ಲವೆಂದು ಸುಮ್ಮನಾದರು.

ಅಷ್ಟು ಹೊತ್ತಿಗೆ ಅಜಿಗಾಸಾವಾ ಬಂದೇಬಿಟ್ಟಿತು. ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ ಎಂದಷ್ಟೇ ಆಬಿದಾಳ ಬಾಯಿಂದ ಹೊರಟಿತು. ಕುದೋ ಪ್ಲಾಟ್‌ಫಾರ್ಮಿನ ಮೇಲೆ ಸೊಂಟ ಬಗ್ಗಿಸಿ ನಿಂತರು. ರೈಲು ಸರಿಯುವ ತನಕ ನೆಟ್ಟಗಾಗಲಿಲ್ಲ. ಕಲೀಮ್ ಬಾಗಿಲಿಂದಲೇ ಅವರಿಗೆ ಬಗ್ಗಿ ನಮಸ್ಕರಿಸಿ, ನಗುತ್ತ ಆಬಿದಾಳ ಹತ್ತಿರ ಬಂದ. ಎಂಥಾ ಜೆಂಟಲ್‌ಮ್ಯಾನ್ ಮಾರಾಯ್ತಿ ಎಂದ.

ಆ ನಗುವೇ ಅವಳ ಮೈಗೆ ಬೆಂಕಿ ಹಚ್ಚಿತು. ಗಂಡಾಂತರ ಕಳೆಯಿತು ಎಂದುಕೊಂಡವನ ನಗು ಅದು.

ಇರಮ್ ಎದುರಿನ ಸಾಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಅವಳ ಜೊತೆ ಮನೆಯಲ್ಲಿ ಉರ್ದು, ಇಲ್ಲವೇ ಇಂಗ್ಲಿಷು. ಕನ್ನಡ ಗಂಡ ಹೆಂಡತಿಯ ನಡುವಿನದು, ಮಗುವಿನ ಕಿವಿಗೆ ಬೀಳಬಾರದ ಮಾತಿನದು. ಕೆಲಸ ಹೋದ ಸುದ್ದಿಯನ್ನೂ ಕಲೀಮ್ ಕನ್ನಡದಲ್ಲೇ ಹೇಳಿದ್ದ.

"ಇಲ್ಲಿ ಕುಂದರ್ರಿ," ಎಂದಳು ಆಬಿದಾ. ಅವನು ಕೂತ ಮೇಲೆ ದನಿ ಏರಿಸದೆ ಕೇಳಿದಳು, "ನಾ ಯಾವಾಗ ಬಸುರಾಗಿದ್ದೆ?"

ಕಲೀಮ್ ಒಂದು ಕ್ಷಣ ಮಗಳ ಕಡೆ ನೋಡಿದ. ಆಮೇಲೆ ಕಿಟಕಿಯ ಕಡೆ. ರಸ್ತೆಬದಿಯ ಹಗ್ಗಗಳ ಮೇಲೆ ಒಣಗಲು ಹಾಕಿದ ಸ್ಕ್ವಿಡ್ ಎಂಬ ಮೀನುಗಳು ಒಗೆದ ಬಟ್ಟೆಯ ಹಾಗೆ ಸಾಲಾಗಿ ತೂಗುತ್ತಿದ್ದವು.

"ನೋಡು ಆಬಿದಾ, ಆಗ ಪರಿಸ್ಥಿತಿ ಹೇಗಿತ್ತು ಅಂತ ನಿನಗೂ ಗೊತ್ತು. ಕಂಪ್ನಿ ಷೇರು ಮಾರ್ಕೆಟ್ಟಿಗೆ ಬರೋದ್ರಲ್ಲಿತ್ತು. ನಾನು ಆಫೀಸಲ್ಲೇ ಮಲಗ್ತಿದ್ದೆ. ನೀನು ಇಲ್ಲಿಗೆ ಬಂದುಬಿಟ್ಟಿದ್ರೆ ಇರಮ್‌ನ ಯಾರು ನೋಡ್ಕೋಬೇಕಿತ್ತು? ಮನೆ ಏನಾಗ್ಬೇಕಿತ್ತು? ನಾನು ನಮ್ಮೆಲ್ರಿಗೋಸ್ಕರ ಯೋಚ್ನೆ ಮಾಡ್ದೆ."

"ನನ್ನ ಕೇಳಬೇಕಿತ್ತು."

"ಕೇಳಿದ್ರೆ ನೀನು ಹೂಂ ಅಂತಿದ್ದೆ."

ಹೇಳಿದ ಮೇಲೆ ಅವನಿಗೇ ತಾನೇನು ಹೇಳಿದೆನೆಂದು ಗೊತ್ತಾಯಿತು. ಸರಿಮಾಡಲು ಬಾಯಿ ತೆರೆದ. ಆಬಿದಾ ಕೈ ಎತ್ತಿ ತಡೆದಳು. ಮದುವೆಯಾದಂದಿನಿಂದ ಅವಳು ಅವನನ್ನು ಬಹುವಚನ ಬಿಟ್ಟು ಕರೆದವಳಲ್ಲ. ಜಗಳದಲ್ಲೂ ನೀವು, ಮುನಿಸಿನಲ್ಲೂ ನೀವು. ಈಗ ಅದು ಅವಳ ನಾಲಿಗೆಯಿಂದ ಉದುರಿಹೋಯಿತು.

"ನೀ ಬರೇ ಬ್ಯಾಡ ಅಂದಿದ್ರ ನಾ ಸಹಿಸ್ತಿದ್ದೆ," ಎಂದಳು. "ನನ್ನ ಬಾಯಿಲೆ ಬ್ಯಾಡ ಅನಿಸಿದಿ. ನನ್ನ ಹೊಟ್ಟ್ಯಾಗ ಇಲ್ಲದ ಕೂಸು ಇಟ್ಟಿ. ಅದನ್ನ ಸಾಯಿಸೂ ಕೆಲಸ ಮಾತ್ರ ಅವರಿಗೆ ಬಿಟ್ಟಿ. ಆ ಹೆಣ್ಣಮಗಳು ಮಂಡಿನೋವು ಇಟ್ಕೊಂಡು ಗುಡಿಗೆ ಹೋಗಿ ಬಟ್ಟಿ ಕಟ್ಟಿ ಬಂದಾಳ. ನನ್ನ ಕೂಸಿಗೆ ಅಂತ."

ಬಟ್ಟೆಯ ವಿಷಯ ಕಲೀಮ್‌ಗೆ ಗೊತ್ತಿರಲಿಲ್ಲ. ಅವನ ಮುಖ ಇಳಿಯಿತು. ಆದರೂ ಅವನು ವಾದ ಬಿಡಲಿಲ್ಲ. ಆ ಹೊತ್ತಿಗೆ ಬಾಯಿಗೆ ಬಂದಿದ್ದು ಅದು, ಬೇರೆ ಏನು ಹೇಳಿದರೂ ಮುದುಕ ಮತ್ತೆ ಫೋನ್ ಮಾಡುತ್ತಿದ್ದ ಎಂದ. ಕಂಪನಿ ಉಳಿದಿದ್ದರೆ ಇವತ್ತು ನೀನೇ ಒಳ್ಳೆಯದಾಯಿತು ಅನ್ನುತ್ತಿದ್ದೆ ಎಂದ. ಅವನ ಒಂದೊಂದು ಮಾತಿಗೂ ಆಬಿದಾಳ ಸಿಟ್ಟು ಇನ್ನಷ್ಟು ಗಟ್ಟಿಯಾಯಿತು. ಆ ಜನವರಿಯಿಂದ ಈಚೆಗೆ ತಾನು ದಿನವೂ ಸೇತುವೆ ದಾಟಿ, ಬೇರೆಯವರು ಹೇಳಿದ ಪ್ರಯೋಗ ಮಾಡಿ, ಸಂಜೆ ಫ್ರೀವೇಯ ಟ್ರಾಫಿಕ್ಕಿನಲ್ಲಿ ಕೂತು ಮನೆಗೆ ಬಂದದ್ದೆಲ್ಲ ಕಣ್ಮುಂದೆ ಹಾದುಹೋಯಿತು. ಎಷ್ಟೋ ಸಂಜೆ ಇದೇ ಮನುಷ್ಯನ ಮುಂದೆ ಕೂತು, ನನ್ನ ಕೆಲಸವನ್ನು ಯಾರೂ ಗುರುತಿಸುವುದಿಲ್ಲ ಎಂದು ಹೇಳಿಕೊಂಡಿದ್ದಳು. ಅವನು ಚಹಾ ಮಾಡಿಕೊಟ್ಟು ಸಮಾಧಾನ ಹೇಳಿದ್ದ.

ಈ ಮಾತುಗಳ ನಡುವೆ ಯಾವಾಗಲೋ ಸಮುದ್ರ ಬಂದಿತ್ತು. ಕಪ್ಪು ಬಂಡೆಗಳು, ಅವುಗಳ ಸಂದಿಯಲ್ಲಿ ನುಗ್ಗಿ ಬೆಳ್ಳಗಾಗುವ ನೀರು, ಗಾಳಿ ತಡೆಯಲು ಹಲಗೆಯ ಬೇಲಿ ಕಟ್ಟಿಕೊಂಡ ಮನೆಗಳು. ಎಷ್ಟೋ ವರ್ಷ ಕಾದ ದಾರಿ ಅದು. ಆಬಿದಾ ಒಂದನ್ನೂ ನೋಡಿರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಫುಕಾಉರಾ ಎಂಬ ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಒಂದೇ ಹಳಿಯ ದಾರಿ. ಎದುರಿನ ರೈಲು ಬರುವ ತನಕ ಕಾಯಬೇಕೆಂದು ಡ್ರೈವರ್ ಕೈಸನ್ನೆಯಲ್ಲಿ ತಿಳಿಸಿದ. ಕಾಯುವ ಕೋಣೆಯ ಗೋಡೆಗೆ ಹಸಿರು ಬಣ್ಣದ ಸಾರ್ವಜನಿಕ ಫೋನ್ ಇತ್ತು. ಆಬಿದಾ ಕುದೋ ಕೊಟ್ಟ ಕಾರ್ಡನ್ನು ಚೀಲದಿಂದ ತೆಗೆದು ಎದ್ದು ನಿಂತಳು.

"ಬಾ. ಅವರಿಗೆ ಫೋನ್ ಮಾಡು. ನೀ ಹೇಳಿದ ಸುಳ್ಳು ನೀನೇ ವಾಪಸ್ ತಗೋಬೇಕು."

ಕಲೀಮ್ ಒಪ್ಪಲಿಲ್ಲ. ಸ್ಯಾನ್ ರಮೋನ್‌ಗೆ ಹೋದ ಮೇಲೆ ವಿವರವಾಗಿ ಈಮೇಲ್ ಮಾಡುತ್ತೇನೆ ಎಂದ. ಅವರ ಅಕ್ಕನ ಮನೆಗೆ ಫೋನ್ ಮಾಡಿ ಇಂಥ ವಿಷಯ ಹೇಳುವುದು ಅಸಭ್ಯ ಎಂದ. ಸಭ್ಯತೆಯ ಮಾತು ಅವನ ಬಾಯಲ್ಲಿ ಕೇಳಿ ಆಬಿದಾಳಿಗೆ ಅವನನ್ನು ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋಗಬೇಕೆನಿಸಿತು. ಆಗ ಎದುರಿನ ಸಾಲಿನಿಂದ ದನಿ ಬಂತು.

"ಅಬ್ಬಾ, ಫೋನ್ ಮಾಡ್ರಿ."

ಇರಮ್ ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡಿದ್ದಳು. ಅವಳ ಬಾಯಿಂದ ಕನ್ನಡ ಬಂದದ್ದು ಅದೇ ಮೊದಲು. ತಾಯಿಯದೇ ಧಾರವಾಡದ ರಾಗ. ಇಬ್ಬರೂ ಬೆಚ್ಚಿ ನೋಡಿದರು. ಹುಡುಗಿ ತುಟಿ ಕಚ್ಚಿಕೊಂಡು, ತನಗೆ ಮೊದಲಿನಿಂದಲೂ ಎಲ್ಲ ತಿಳಿಯುತ್ತದೆ, ಕಂಪನಿ ಮುಚ್ಚಿದ್ದೂ ತಿಳಿದಿತ್ತು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಅಪ್ಪನ ಮುಖ ನೋಡಲಾರದೆ ಕಿಟಕಿಗೆ ತಿರುಗಿದಳು.

ಕಲೀಮ್ ಎದ್ದ.

ಫೋನಿಗೆ ಕುದೋ ಅವರೇ ಬಂದರು. ಒಂದು ಸಣ್ಣ ಮಿಸ್‌ಅಂಡರ್‌ಸ್ಟ್ಯಾಂಡಿಂಗು ಆಗಿತ್ತು, ಆಗ ನಾನು ಹೇಳಿದ್ದನ್ನು ನೀವು ಪ್ರಾಯಶಃ... ಎಂದು ಕಲೀಮ್ ಶುರುಮಾಡಿದ. ಆಫೀಸಿನ ಮೀಟಿಂಗಿನಲ್ಲಿ ಮಾತಾಡುವ ದನಿ. ಆಬಿದಾ ಕೈ ಚಾಚಿ ಫೋನಿನ ಕೊಕ್ಕೆ ಒತ್ತಿದಳು. ಲೈನು ಕಟ್ಟಾಯಿತು.

"ಸುಳ್ಳು ಅನ್ನೂ ಶಬ್ದ ಇಂಗ್ಲಿಷಿನ್ಯಾಗೂ ಅದ," ಎಂದಳು. "ಮತ್ತ ಹಚ್ಚು."

ಅವನು ಮತ್ತೆ ನಂಬರು ಒತ್ತಿದ. ಈ ಸಲ ಗೋಡೆಯ ಕಡೆ ಮುಖ ಮಾಡಿ, ಒಂದೊಂದೇ ವಾಕ್ಯವಾಗಿ ಹೇಳಿದ. ನಾನು ಸುಳ್ಳು ಹೇಳಿದೆ. ನನ್ನ ಹೆಂಡತಿ ಬಸುರಿಯಾಗಿರಲಿಲ್ಲ. ಕೂಸು ಇರಲಿಲ್ಲ. ನೀವು ಫೋನ್ ಮಾಡಿದ್ದು ಇವತ್ತಿನ ತನಕ ಅವಳಿಗೆ ಗೊತ್ತಿರಲಿಲ್ಲ. ಲೈನು ಮತ್ತೆ ಹೋಯಿತೇನೋ ಎಂದು ಅವನು ಎರಡು ಸಲ ಹಲೋ ಎಂದ. ಕೊನೆಗೆ ಕುದೋ ಆಬಿದಾಳನ್ನು ಕೇಳಿದರು.

ನಿಮ್ಮನ್ನೇ ಕೇಳದೆ ನಂಬಿದ್ದು ನನ್ನ ತಪ್ಪು ಎಂದರು. ಹುದ್ದೆ ಈಗ ಖಾಲಿಯಿಲ್ಲ. ಸಪ್ಪೊರೊದ ಒಬ್ಬ ತರುಣ ಬಂದಿದ್ದಾನೆ, ಚೆನ್ನಾಗಿ ಮಾಡುತ್ತಿದ್ದಾನೆ ಎಂದು ಬಹಳ ಸಂಕೋಚದಿಂದ ಹೇಳಿದರು. ಹುದ್ದೆ ಕೇಳಲು ಫೋನ್ ಮಾಡಿಸಲಿಲ್ಲ, ನಿಮ್ಮ ಹೆಂಡತಿ ಇನ್ನು ದುಃಖಪಡುವುದು ಬೇಡ ಎಂದು ಮಾಡಿಸಿದೆ ಎಂದಳು ಆಬಿದಾ. ಗುಡಿಯಲ್ಲಿರುವ ಬಟ್ಟೆಯನ್ನು ಏನು ಮಾಡಬೇಕು ಎಂದು ಅವರು ಕೇಳಿದರು. ಅದು ಅಲ್ಲೇ ಇರಲಿ, ನಿಜವಾಗಿ ಕೂಸು ಕಳೆದುಕೊಂಡ ಯಾರದಾದರೂ ಹೆಸರಿಗೆ ಆಗಲಿ ಎಂದಳು. ಅಷ್ಟು ಹೊತ್ತಿಗೆ ಎದುರಿನ ರೈಲು ಸ್ಟೇಷನ್ನಿಗೆ ಬಂತು.

ಮತ್ತೆ ಹತ್ತಿದ ಮೇಲೆ ಅವಳು ಸಮುದ್ರದ ಬದಿಯ ಕಿಟಕಿ ಹಿಡಿದಳು. ಇರಮ್ ಬಂದು ಪಕ್ಕದಲ್ಲಿ ಕೂತಳು. ಕಲೀಮ್ ಡಬ್ಬಿಯ ಇನ್ನೊಂದು ಕೊನೆಯಲ್ಲಿ ಬೆಟ್ಟದ ಕಡೆ ಮುಖ ಮಾಡಿ ಕೂತ. ಇದನ್ನೂ ಅವನಿಗೆ ಬಿಟ್ಟುಕೊಡುವುದಿಲ್ಲ ಎಂದು ಆಬಿದಾ ಹಟದಿಂದ ನೋಡತೊಡಗಿದಳು. ಹಲ್ಲು ಕಚ್ಚಿಕೊಂಡೇ ನೋಡಿದಳು. ಸುರಂಗ ದಾಟಿದಾಗಲೆಲ್ಲ ಹೊಸದಾಗಿ ತೆರೆದುಕೊಳ್ಳುವ ನೀಲಿ, ಬಂಡೆಯ ತುದಿಯಲ್ಲಿ ನಿಂತು ಗಾಳ ಹಾಕಿದ ಒಬ್ಬ ಮನುಷ್ಯ, ಯಾರೂ ಹತ್ತದ, ಯಾರೂ ಇಳಿಯದ ಸ್ಟೇಷನ್ನುಗಳು. ಕುದೋ ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇರಲಿಲ್ಲ.

ಮನೆಗೆ ಬಂದ ಮೇಲೆ ಕಲೀಮ್ ಬಹಳ ಒಳ್ಳೆಯವನಾದ. ಅಡಿಗೆ ಮಾಡಿದ, ಹೂವು ತಂದ, ಇರಮ್‌ಳನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋದ. ರಾತ್ರಿ ಮಲಗುವ ಮೊದಲು ದಿನವೂ ಸಾರಿ ಹೇಳಿದ. ವಾರ ಕಳೆಯುವಷ್ಟರಲ್ಲಿ, ಇನ್ನೂ ಎಷ್ಟು ದಿನ ಹೀಗೆ ಎಂದು ಕೇಳಿಯೂಬಿಟ್ಟ.

"ನೀ ಸಾರಿ ಅಂದಕೂಡ್ಲೆ ಬಗ್ ಫಿಕ್ಸ್ ಆತು ಅಂತ ತಿಳಕೊಂಡಿ," ಎಂದಳು ಆಬಿದಾ. ಬಹುವಚನ ಅವಳ ಬಾಯಿಗೆ ಮತ್ತೆ ಬರಲಿಲ್ಲ.

ಜುಲೈಯಲ್ಲಿ ಮಾರ್ಗನ್ ಹಿಲ್‌ನ ಗುರುಪ್ರಸಾದ ಮತ್ತು ಮಾಧುರಿಯ ಮನೆಯಲ್ಲಿ ಕನ್ನಡದವರ ಊಟವಿತ್ತು. ಹಿತ್ತಲಿನ ನೆರಳಿನಲ್ಲಿ ಎಲ್ಲರೂ ತಟ್ಟೆ ಹಿಡಿದು ಕೂತಿದ್ದರು. ಬಾಗಲಕೋಟೆಯಿಂದ ಬಂದಿದ್ದ ಮಾಧುರಿಯ ತಂದೆ ಕುಬೇರಪ್ಪ ಜಪಾನಿನ ಬಗ್ಗೆ ಕೇಳಿದರು. ಕಲೀಮ್ ಚೆನ್ನಾಗಿಯೇ ವರ್ಣಿಸಿದ. ಸೇಬಿಗೆ ಕಟ್ಟಿದ ಕಾಗದದ ಚೀಲ, ಗದ್ದೆಯಲ್ಲಿ ಬಿದ್ದ ಬೆಟ್ಟ, ಅಲೆಗಳ ಪಕ್ಕದಲ್ಲೇ ಓಡುವ ರೈಲು. ಲೈಫಲ್ಲಿ ಒಂದ್ಸಲ ಎಲ್ರೂ ಹೋಗ್ಬೇಕು ಎಂದು ಮುಗಿಸಿದ.

"ನಿಮಗ ಹೆಂಗ ಅನಿಸ್ತು ತಂಗೀ?" ಎಂದು ಕುಬೇರಪ್ಪ ಆಬಿದಾಳನ್ನು ಕೇಳಿದರು.

ಅವಳು ಸುಮ್ಮನೆ ನಕ್ಕು ಬಿಡಬಹುದಿತ್ತು. ಆದರೆ ಅವನು ಆ ದಾರಿಯನ್ನು ಅಷ್ಟು ಸಲೀಸಾಗಿ ತನ್ನದಾಗಿ ಮಾಡಿಕೊಂಡು ಹೇಳಿದ್ದನ್ನು ಕೇಳಿ ಅವಳ ಹೊಟ್ಟೆ ಉರಿದಿತ್ತು. ರೈಲು ಛಲೋ ಇತ್ತು ಕಾಕಾ ಎಂದಳು. ಆ ರೈಲಿನಲ್ಲೇ ತನಗೆ ಗೊತ್ತಾದದ್ದನ್ನೂ ಹೇಳಿದಳು. ಫೋನು, ಹುದ್ದೆ, ಇಲ್ಲದ ಬಸಿರು, ಎಲ್ಲವನ್ನೂ ದನಿ ಏರಿಸದೆ, ಮೊದಲಿಂದ ಕೊನೆಯ ತನಕ. ಜನ ತಟ್ಟೆ ನೋಡಿಕೊಂಡು ಕೂತರು. ಇದು ಮನೆಯೊಳಗಿನ ಮಾತು, ಈಗ ಬೇಡ ಎಂದು ಮಾಧುರಿ ಮೆಲ್ಲಗೆ ಅವಳ ತೋಳು ಹಿಡಿದಳು.

"ಇಲ್ಲ ಮಾಧುರಿ, ಅವಳು ಹೇಳಿದ್ದು ನಿಜ," ಎಂದ ಕಲೀಮ್. "ಕೇಳಿದ್ರೆ ಹೋಗ್ತೀನಿ ಅಂತಾಳೆ ಅಂತ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಈ ಸಲ ಅವನ ಪಕ್ಕದಲ್ಲಿ ಯಾರೂ ನಿಂತು ಹೇಳಿಸಿರಲಿಲ್ಲ. ಆಬಿದಾಳ ಸಿಟ್ಟು ಅದರಿಂದ ಇಳಿಯಲಿಲ್ಲ. ಆದರೆ ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು. ಕೂತು ಹೊಟ್ಟೆ ತುಂಬ ಉಂಡಳು.

ಆ ತಿಂಗಳಲ್ಲೇ ಅವಳು ಡೇವಿಸ್‌ನ ಲ್ಯಾಬೊಂದಕ್ಕೆ ಅರ್ಜಿ ಹಾಕಿದಳು. ಹುದ್ದೆ ಕುದೋ ಕೊಡಬೇಕೆಂದಿದ್ದಷ್ಟು ದೊಡ್ಡದಲ್ಲ, ಆದರೆ ವಿಷಯ ಅವಳದೇ. ಕೆಲಸ ಸಿಕ್ಕ ದಿನ ಅವಳು ಕಲೀಮ್‌ನನ್ನು ಕೇಳಲಿಲ್ಲ, ಹೇಳಿದಳು. ಅಲ್ಲೇ ಒಂದು ಅಪಾರ್ಟ್‌ಮೆಂಟ್ ನೋಡಿದ್ದೇನೆ, ಇರಮ್ ನನ್ನ ಜೊತೆ ಬರುತ್ತಾಳೆ, ಸ್ಕೂಲು ಆಗಸ್ಟ್ ಕೊನೆಗೆ ಶುರು ಎಂದಳು. ಅವನು ಸಾಮಾನು ಸಾಗಿಸಲು ಟ್ರಕ್ಕು ಹೇಳುತ್ತೇನೆ ಎಂದ.

ಶುಕ್ರವಾರ ಸಂಜೆ ಕಲೀಮ್ ಕಾರು ತೆಗೆದುಕೊಂಡು ಡೇವಿಸ್‌ಗೆ ಬರುತ್ತಿದ್ದ. ಬಾಗಿಲ ಹತ್ತಿರ ನಿಂತು, ಒಳಗೆ ಬರಲೇ ಎಂದು ಕೇಳುತ್ತಿದ್ದ. ಆಬಿದಾ ಅವನಿಗೆ ಸೋಫಾ ತೋರಿಸಿ, ಒಂದು ಚಾದರ ಕೊಟ್ಟು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.